ಕಂಪ್ಯೂಟರಿನೊಳಗಿನ ತೊಗರಿ ಹೊಲ

ಹವಾಮಾನ ಬದಲಾದಾಗ ರೈತರು ಏನು ಮಾಡುತ್ತಾರೆ ಎಂಬುದನ್ನು ಹೊಲದಲ್ಲಿ ಪ್ರಯೋಗ ಮಾಡಿ ತಿಳಿಯುವುದು ಆಗದ ಮಾತು. ಒಂದು ತಳಿ ಹೇಗಿದೆ ಎಂದು ನೋಡಲು ಮೂರ್ನಾಲ್ಕು ವರ್ಷ ಬಿತ್ತಿ ಬೆಳೆದು ನೋಡಬಹುದು. ಆದರೆ 2050ರ ಮಳೆಯನ್ನು ಈ ವರ್ಷವೇ ಸುರಿಸಲು ಬರುವುದಿಲ್ಲ. ಊರಿನ ಅರ್ಧ ಮಂದಿಗೆ ಸಾಲ ಕೊಟ್ಟು, ಉಳಿದವರಿಗೆ ಕೊಡದೆ, ಮೂವತ್ತು ವರ್ಷ ಕಾದು ಕುಳಿತು ಯಾರು ಉಳಿದರು, ಯಾರು ಹೊಲ ಮಾರಿದರು ಎಂದು ಬರೆದುಕೊಳ್ಳಲೂ ಬರುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಮಳೆ, ಮಣ್ಣು, ಬೆಳೆ, ಬೆಲೆ, ಇವುಗಳ ನಡುವೆ ನಿಂತು ತೀರ್ಮಾನ ಮಾಡುವ ಮನುಷ್ಯ, ಎಲ್ಲವನ್ನೂ ಸಮೀಕರಣಗಳಾಗಿ, ನಿಯಮಗಳಾಗಿ ಬರೆದು ಕಂಪ್ಯೂಟರಿನೊಳಗೆ ವರ್ಷಗಳನ್ನು ಉರುಳಿಸುತ್ತಾರೆ. ಇದೇ ಸಿಮ್ಯುಲೇಶನ್. ಇದರಲ್ಲಿ ಮಳೆಯ ಲೆಕ್ಕ ಕಷ್ಟ, ಬೆಳೆಯ ಲೆಕ್ಕ ಅದಕ್ಕಿಂತ ಸುಲಭ. ಎಲ್ಲಕ್ಕಿಂತ ಕಷ್ಟದ್ದು ರೈತರ ಲೆಕ್ಕ.

ಈ ಕಷ್ಟ ಎಲ್ಲಿದೆ ಎಂದು ತಿಳಿಯಲು ಕಲಬುರಗಿ ಜಿಲ್ಲೆಯ ಮಳಖೇಡದ ಸುತ್ತಿನ ಸೀಮೆ ಒಳ್ಳೆಯ ಉದಾಹರಣೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಕಾಗಿಣಾ ನದಿ ದಂಡೆಯ ಇಂದಿನ ಮಳಖೇಡ. ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ, ಚಿಂಚೋಳಿಗಳನ್ನು ಸೇರಿಸಿಕೊಂಡ ಈ ಪ್ರದೇಶ ತೊಗರಿಯ ಕಣಜವೂ ಹೌದು, ಸಿಮೆಂಟಿನ ಕಣಜವೂ ಹೌದು. ಕೆಳಗೆ ಸುಣ್ಣದ ಕಲ್ಲು, ಮೇಲೆ ಎರೆ ಮಣ್ಣು. ಕಲ್ಲು ಎಲ್ಲಿ ಮೇಲೆ ಬಂದಿದೆಯೋ ಅಲ್ಲಿ ಮಣ್ಣು ತೆಳುವು, ಅಲ್ಲೇ ಗಣಿ. ಮಣ್ಣು ಆಳವಾಗಿರುವ ಕಡೆ ತೊಗರಿ, ಹಿಂಗಾರಿ ಜೋಳ, ಕಡಲೆ. ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 750 ಮಿಲಿಮೀಟರಿನ ಆಸುಪಾಸು. ಕೃಷಿ ಹವಾಮಾನ ವಲಯಗಳ ಪಟ್ಟಿಯಲ್ಲಿ ಸೇಡಂ, ಚಿತ್ತಾಪುರ ತಾಲ್ಲೂಕುಗಳು ಈಶಾನ್ಯ ಒಣ ವಲಯಕ್ಕೆ ಸೇರಿದರೆ, ಪಕ್ಕದ ಚಿಂಚೋಳಿ ಬೀದರ್ ಜಿಲ್ಲೆಯ ಜೊತೆಗೆ ಈಶಾನ್ಯ ಸಂಕ್ರಮಣ ವಲಯದಲ್ಲಿದೆ. ಅಲ್ಲಿ ಕೆಮ್ಮಣ್ಣಿನ ದಿನ್ನೆಗಳೂ ಕಾಡೂ ಇವೆ. ಒಂದೇ ಬಸ್ ಮಾರ್ಗದ ಎರಡು ತುದಿಗಳಲ್ಲಿ ಎರಡು ಬಗೆಯ ಹವಾಮಾನ ಎಂದಾಯಿತು. ಇಡೀ ಜಿಲ್ಲೆಗೆ ಒಂದೇ ಅಂಕಿ ಹಿಡಿದು ಲೆಕ್ಕ ಹಾಕುವ ಮಾದರಿ ಇಲ್ಲಿ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ.

ಬೆಳೆಯ ಲೆಕ್ಕದಿಂದಲೇ ಶುರು ಮಾಡಬಹುದು. ನೆದರ್ಲೆಂಡ್ಸಿನ ವಾಖೆನಿಂಗೆನ್‌ನಲ್ಲಿ ಕಾರ್ನೆಲಿಸ್ ಡಿ ವಿಟ್ ಎಂಬ ವಿಜ್ಞಾನಿ 1960ರ ದಶಕದಲ್ಲಿ, ಎಲೆಗಳ ಮೇಲೆ ಬೀಳುವ ಬಿಸಿಲಿನಿಂದ ಗಿಡ ಎಷ್ಟು ಬೆಳೆಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಹೊರಟರು. ಮುಂದೆ ಇದೇ ಬಗೆಯ ಎರಡು ಮಾದರಿಗಳು ಜಗತ್ತಿನಲ್ಲೆಲ್ಲ ಬಳಕೆಗೆ ಬಂದವು: ಅಮೆರಿಕದಲ್ಲಿ ಬೇರು ಬಿಟ್ಟ ಡಿಎಸ್‌ಎಸ್‌ಎಟಿ, ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಎಪಿಸಿಮ್. ತೊಗರಿಯ ಮಟ್ಟಿಗೆ ಎಪಿಸಿಮ್ ಮುಖ್ಯ. ಮಳಖೇಡದಿಂದ ಪೂರ್ವಕ್ಕೆ, ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಸಂಸ್ಥೆಯ ಹೊಲಗಳಲ್ಲಿ ಸಿಕ್ಕ ಅಳತೆಗಳ ಮೇಲೆ ಆಸ್ಟ್ರೇಲಿಯಾದ ವಿಜ್ಞಾನಿಗಳು ಇಕ್ರಿಸ್ಯಾಟ್ ಜೊತೆ ಸೇರಿ ಅದರ ತೊಗರಿ ಭಾಗವನ್ನು ಕಟ್ಟಿದರು.

ಈ ಮಾದರಿಗಳು ದಿನಕ್ಕೊಂದು ಹೆಜ್ಜೆಯಂತೆ ಸಾಗುತ್ತವೆ. ಪ್ರತಿ ದಿನದ ಗರಿಷ್ಠ ಮತ್ತು ಕನಿಷ್ಠ ತಾಪಮಾನ, ಮಳೆ, ಬಿಸಿಲು ಇವುಗಳನ್ನು ಉಣಿಸಬೇಕು. ಮಣ್ಣನ್ನು ಒಂದರ ಕೆಳಗೊಂದು ಇಟ್ಟ ಕೊಡಗಳಂತೆ ಭಾವಿಸಲಾಗುತ್ತದೆ. ಮೇಲಿನ ಕೊಡ ತುಂಬಿ ತುಳುಕಿದರೆ ನೀರು ಕೆಳಗಿನದಕ್ಕೆ ಇಳಿಯುತ್ತದೆ, ಬೇರು ಎಷ್ಟು ಆಳಕ್ಕೆ ಹೋಗಿದೆಯೋ ಅಷ್ಟು ಕೊಡಗಳಿಂದ ಗಿಡ ನೀರು ಹೀರುತ್ತದೆ. ಶಹಾಬಾದ್ ಕಲ್ಲಿನ ಮೇಲಿನ ತೆಳು ಮಣ್ಣಿಗೆ ಎರಡೇ ಕೊಡ, ನದಿ ಬಯಲಿನ ಆಳದ ಎರೆಗೆ ಐದಾರು. ಮುಂಗಾರು ಮುಗಿದ ಮೇಲೂ ತೊಗರಿ ಹಸಿರಾಗಿ ನಿಂತು ಅಕ್ಟೋಬರ್, ನವೆಂಬರಿನಲ್ಲಿ ಹೂ ಬಿಟ್ಟು ಕಾಯಿ ಕಟ್ಟುವುದು ಈ ಕೆಳಗಿನ ಕೊಡಗಳ ನೀರಿನಿಂದಲೇ.

ಗಿಡದ ಸ್ವಭಾವವನ್ನೂ ಅಂಕಿಗಳಲ್ಲಿ ಬರೆಯಬೇಕು. ಹಗಲು ಚಿಕ್ಕದಾಗುತ್ತ ಬಂದಾಗ ಹೂ ಬಿಡುವ ಬೆಳೆ ತೊಗರಿ. ಜೂನ್ ಕೊನೆಯಲ್ಲಿ ಬಿತ್ತಿದ ಗಿಡಕ್ಕೆ ಬೆಳೆಯಲು, ಕವಲೊಡೆಯಲು ಸಮಯ ಸಿಗುತ್ತದೆ. ಮಳೆ ತಡವಾಗಿ ಆಗಸ್ಟಿನಲ್ಲಿ ಬಿತ್ತಿದರೆ ಗಿಡ ಇನ್ನೂ ಮೊಣಕಾಲೆತ್ತರ ಇರುವಾಗಲೇ ಹಗಲು ಕುಗ್ಗಿ ಹೂವಿನ ಹೊತ್ತು ಬಂದುಬಿಡುತ್ತದೆ. ಆಗ ಸಾಲುಗಳನ್ನು ಹತ್ತಿರ ಮಾಡಿ ಬಿತ್ತಬೇಕೆಂದು ಕೃಷಿ ಇಲಾಖೆಯವರು ಹೇಳುವುದಕ್ಕೆ ಕಾರಣ ಇದು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಟಿಎಸ್-3ಆರ್ ತಳಿ ಸುಮಾರು 150 ದಿನಗಳಲ್ಲಿ ಬರುತ್ತದೆ. ಹಳೆಯ ಗುಳ್ಯಾಳ ತೊಗರಿಗೆ ಇನ್ನೂ ಹೆಚ್ಚು ದಿನ ಬೇಕು. ಮಾದರಿಯಲ್ಲಿ ಇವೆರಡೂ ಬೇರೆ ಬೇರೆ ಅಂಕಿಗಳ ಎರಡು ಗಿಡಗಳು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ತೊಗರಿಯಂಥ ಗಿಡಗಳ ಬೆಳವಣಿಗೆ ಸ್ವಲ್ಪ ಚುರುಕಾಗುತ್ತದೆ, ಜೋಳಕ್ಕೆ ಅಷ್ಟು ಲಾಭವಿಲ್ಲ. ಇದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ತಾಪಮಾನ ಏರಿದರೆ ಬೆಳೆ ಬೇಗ ಮಾಗಿ ಕಾಳು ತುಂಬುವ ದಿನಗಳು ಕಡಿಮೆಯಾಗುತ್ತವೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುವ ಈ ವ್ಯವಹಾರದಲ್ಲಿ ಕೊನೆಗೆ ಉಳಿಯುವುದೆಷ್ಟು ಎಂದು ಬಾಯಿಲೆಕ್ಕದಲ್ಲಿ ಹೇಳಲಾಗದು. ಸಿಮ್ಯುಲೇಶನ್ ಬೇಕಾಗುವುದು ಇಲ್ಲಿ.

ಇಂಥ ಮಾದರಿಯನ್ನು ರೈತರ ಪ್ರಶ್ನೆಗೆ ಹೂಡಿದ ಒಂದು ಹಳೆಯ ಕೆಲಸ ಕರ್ನಾಟಕದಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್, ಪಿ.ಆರ್. ಶೇಷಗಿರಿ ರಾವ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಪಾವಗಡ, ಅನಂತಪುರ ಸೀಮೆಯ ಮಳೆಯಾಶ್ರಿತ ಶೇಂಗಾ ಬೆಳೆಯನ್ನು ಕೈಗೆತ್ತಿಕೊಂಡರು. ವಿಜ್ಞಾನಿಗಳು ತಮಗೆ ತೋಚಿದ್ದನ್ನು ಲೆಕ್ಕ ಹಾಕುವ ಬದಲು ರೈತರಿಗೆ ಯಾವ ತೀರ್ಮಾನ ಕಷ್ಟವಾಗಿದೆ ಎಂದು ಮೊದಲು ಕೇಳಿದರು. ಯಾವಾಗ ಬಿತ್ತಬೇಕು ಎಂಬುದೇ ಮುಖ್ಯ ಪ್ರಶ್ನೆಯಾಗಿ ಬಂತು. ಹಲವು ದಶಕಗಳ ಮಳೆ ದಾಖಲೆಯನ್ನು ಶೇಂಗಾ ಮಾದರಿಗೆ ಉಣಿಸಿ, ಬೇರೆ ಬೇರೆ ದಿನಾಂಕಗಳಲ್ಲಿ ಬಿತ್ತಿ ನೋಡಿದರು. ರೈತರು ರೂಢಿಯಿಂದ ಇಟ್ಟುಕೊಂಡಿದ್ದ ಅಗಲವಾದ ಬಿತ್ತನೆ ಅವಧಿಯೇ ಬೆಳೆ ಕೈಕೊಡುವ ಅಪಾಯವನ್ನು ಕಡಿಮೆ ಮಾಡುವ ಅವಧಿ ಎಂದು ಲೆಕ್ಕದಿಂದಲೂ ಕಂಡುಬಂತು. ಗೊತ್ತಿದ್ದದ್ದನ್ನೇ ಕಂಪ್ಯೂಟರ್ ಹೇಳಿತಲ್ಲ ಎಂದು ಮೂಗು ಮುರಿಯಬಹುದು. ಆದರೆ ಹಿಂದಿನ ಮಳೆಗೆ ರೂಢಿ ಸರಿಯಿದೆ ಎಂದು ತೋರಿಸಿಕೊಟ್ಟ ಮಾದರಿಗೆ ಮಾತ್ರ, ಮುಂದಿನ ಮಳೆಗೆ ಅದೇ ರೂಢಿ ಸರಿಯೇ ಎಂದು ಕೇಳುವ ಅಧಿಕಾರವಿರುತ್ತದೆ.

ಇಷ್ಟಾದರೂ ಇಲ್ಲಿ ರೈತರು ಇನ್ನೂ ಬಂದಿಲ್ಲ. ಬಿತ್ತುವ ದಿನಾಂಕವನ್ನು ವಿಜ್ಞಾನಿ ಕೊಟ್ಟರು, ಗಿಡ ಬೆಳೆಯಿತು, ಅಷ್ಟೆ. ಬರೀ ಬೆಳೆ ಮಾದರಿಯಿಂದ ಮುಂದಿನ ಐವತ್ತು ವರ್ಷದ ನಷ್ಟ ಲೆಕ್ಕ ಹಾಕುವವರು, ಮಳೆ ಎಷ್ಟೇ ಬದಲಾದರೂ ರೈತರು ಅದೇ ತಳಿಯನ್ನು ಅದೇ ದಿನ ಬಿತ್ತುತ್ತಾರೆಂದು ಊಹಿಸಿಕೊಳ್ಳುತ್ತಾರೆ. ಅರ್ಥಶಾಸ್ತ್ರಜ್ಞರು ಇದಕ್ಕೆ ‘ದಡ್ಡ ರೈತ’ನ ಊಹೆ ಎಂದು ಹೆಸರಿಟ್ಟು ಹಂಗಿಸಿದರು. 1994ರಲ್ಲಿ ಮೆಂಡೆಲ್‌ಸೋನ್, ನೋರ್ಡ್‌ಹೌಸ್ ಮತ್ತು ಶಾ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು: ಬಿಸಿ ಸೀಮೆಯ ಮತ್ತು ತಂಪು ಸೀಮೆಯ ಜಮೀನಿನ ಬೆಲೆಗಳನ್ನು ಹೋಲಿಸಿ, ರೈತರ ಹೊಂದಾಣಿಕೆ ಆ ಬೆಲೆಯಲ್ಲೇ ಅಡಗಿದೆ ಎಂದರು. ನಷ್ಟದ ಅಂದಾಜು ಬಹಳಷ್ಟು ಇಳಿಯಿತು. ಆದರೆ ಈಗ ತಪ್ಪು ಇನ್ನೊಂದು ಕಡೆಗೆ ವಾಲಿತು. ಈ ಲೆಕ್ಕದ ರೈತರು ಎಲ್ಲ ಬಲ್ಲವರು, ಬೆಳೆ ಬದಲಿಸಲು ಅವರಿಗೆ ಸಾಲ ಬೇಡ, ಬೀಜ ಬೇಡ, ಕಾಲವೂ ಬೇಡ. ಸೇಡಂ ತಾಲ್ಲೂಕಿನ ಎರಡೆಕರೆ ಲಾವಣಿ ಹೊಲದ ಕುಟುಂಬಕ್ಕೆ ಇವೆರಡು ಚಿತ್ರಗಳಲ್ಲಿ ಯಾವುದೂ ಹೊಂದುವುದಿಲ್ಲ. ಸಿಕ್ಕ ಮಾಹಿತಿ, ಸಿಕ್ಕ ಸಮಯದಲ್ಲಿ ಸಾಕೆನಿಸಿದ ತೀರ್ಮಾನಕ್ಕೆ ಬಂದು ನಿಲ್ಲುವುದು ಮನುಷ್ಯರ ರೀತಿ ಎಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ ಹೇಳಿದ ಮಾತು ಇಲ್ಲಿಗೆ ಹೆಚ್ಚು ಹತ್ತಿರ.

ಅಂಥ ಮನುಷ್ಯರನ್ನು ಕಂಪ್ಯೂಟರಿನೊಳಗೆ ತರುವ ವಿಧಾನವೇ ಏಜೆಂಟ್ ಆಧಾರಿತ ಮಾದರಿ. ಇಲ್ಲಿ ಸರಾಸರಿ ರೈತ ಎಂಬುವನು ಇಲ್ಲ. ನೂರು ಮನೆಯಿದ್ದರೆ ನೂರು ಏಜೆಂಟರು, ಪ್ರತಿಯೊಬ್ಬರಿಗೂ ಇಷ್ಟು ಜಮೀನು, ಇಷ್ಟು ಸಾಲ, ಮನೆಯಲ್ಲಿ ಇಷ್ಟು ದುಡಿಯುವ ಕೈಗಳು, ಹಿಂದಿನ ಮೂರು ವರ್ಷದ ನೆನಪು. ಪ್ರತಿ ಹಂಗಾಮಿಗೆ ಅವರು ತಮ್ಮ ನಿಯಮದಂತೆ ತೀರ್ಮಾನಿಸುತ್ತಾರೆ, ಪಕ್ಕದ ಹೊಲದವರನ್ನು ನೋಡುತ್ತಾರೆ, ಮನಸ್ಸು ಬದಲಿಸುತ್ತಾರೆ. ಇಡೀ ಊರಿನ ಫಲಿತಾಂಶ ಯಾವ ಸಮೀಕರಣದಲ್ಲೂ ಮೊದಲೇ ಬರೆದಿರುವುದಿಲ್ಲ, ಈ ಓಡಾಟದಿಂದ ಮೂಡುತ್ತದೆ. 1971ರಲ್ಲಿ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಅಮೆರಿಕದ ನಗರಗಳಲ್ಲಿ ಜನ ಬಣ್ಣದ ಆಧಾರದಲ್ಲಿ ಬೇರೆ ಬೇರೆ ಓಣಿಗಳಲ್ಲಿ ನೆಲೆಸುವುದನ್ನು ವಿವರಿಸಲು ಇಂಥದೇ ಉಪಾಯ ಹೂಡಿದ್ದರು. ಯಾರಲ್ಲೂ ಅತಿಯಾದ ದ್ವೇಷವಿಲ್ಲದಿದ್ದರೂ ಊರು ಒಡೆದುಹೋಗುತ್ತದೆ ಎಂಬುದು ಅವರಿಗೆ ಕಂಡ ಸತ್ಯ. ಒಬ್ಬೊಬ್ಬರ ಸಣ್ಣ ಲೆಕ್ಕಾಚಾರ ಕೂಡಿ ಯಾರೂ ಬಯಸದ ಪರಿಣಾಮವಾಗುವುದು ಕೃಷಿಯಲ್ಲಂತೂ ದಿನನಿತ್ಯದ ಸಂಗತಿ.

ಕರ್ನಾಟಕದಲ್ಲಿ ಈ ದಾರಿಯಲ್ಲಿ ನಡೆದ ದೊಡ್ಡ ಕೆಲಸ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನ ಪ್ರದೇಶದ್ದು. ಕಬಿನಿ ಕೊಳ್ಳದ 84 ಚದರ ಕಿಲೋಮೀಟರ್ ವಿಸ್ತಾರದ ಈ ಪ್ರದೇಶದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮುದ್ದು ಶೇಖರ್ ಅವರ ತಂಡ ಮತ್ತು ಫ್ರಾನ್ಸಿನ ಆಗಿನ ಕೃಷಿ ಸಂಶೋಧನಾ ಸಂಸ್ಥೆ ಇನ್ರಾ ಕೂಡಿ ಅಂತರ್ಜಲ, ಮಣ್ಣು, ಬೆಳೆಗಳನ್ನು ವರ್ಷಗಟ್ಟಲೆ ಅಳೆದಿವೆ. ಹವಾಮಾನ ಬದಲಾವಣೆಗೆ ನೀರಾವರಿ ಕೃಷಿ ಹೇಗೆ ಹೊಂದಿಕೊಳ್ಳುತ್ತದೆ ಎಂದು ತಿಳಿಯಲು 2010ರ ದಶಕದಲ್ಲಿ ಅಲ್ಲಿ ಆರಂಭಿಸಿದ ಯೋಜನೆಯೊಳಗೆ ಮರಿಯೋಂ ರೋಬೇರ್ ಮತ್ತು ಸಂಗಡಿಗರು ‘ನಮಸ್ತೆ’ ಎಂಬ ಮಾದರಿ ಕಟ್ಟಿ 2018ರಲ್ಲಿ ಪ್ರಕಟಿಸಿದರು.

ಮಾದರಿಗೂ ಮೊದಲು ಅವರು ಮಾಡಿದ್ದು ಮನೆಮನೆ ಸಮೀಕ್ಷೆ. 684 ಕೃಷಿ ಕುಟುಂಬಗಳ ವಿವರ ಕಲೆಹಾಕಿ ನೋಡಿದಾಗ ರೈತರು ಮೂರು ಗುಂಪಾಗಿ ಬೇರೆಯಾದರು: ಹಲವು ಬೆಳೆ ತೆಗೆಯುವ ದೊಡ್ಡ ಹಿಡುವಳಿಯವರು, ಮಳೆಯನ್ನೇ ನಂಬಿದ ಸಣ್ಣ ಮತ್ತು ಅತಿಸಣ್ಣ ರೈತರು, ಚಿಕ್ಕ ಜಮೀನಿದ್ದರೂ ಕೊಳವೆಬಾವಿ ಇಟ್ಟುಕೊಂಡು ಮಾರುಕಟ್ಟೆಗಾಗಿ ಬೆಳೆಯುವವರು. ಇವರನ್ನು ಬೇರ್ಪಡಿಸಿದ್ದು ಹಿಡುವಳಿಯ ಗಾತ್ರ ಮತ್ತು ಅಂತರ್ಜಲ ಎಂಬ ಎರಡೇ ಸಂಗತಿ. ಒಂದೇ ಬರಗಾಲಕ್ಕೆ ಈ ಮೂವರ ಉತ್ತರ ಒಂದೇ ಆಗಿರಲಾರದು.

‘ನಮಸ್ತೆ’ಯಲ್ಲಿ ರೈತರ ತೀರ್ಮಾನಗಳಿಗೆ ಮೂರು ಮಟ್ಟಗಳಿವೆ. ಕೊಳವೆಬಾವಿ ಕೊರೆಸಬೇಕೇ, ಎಷ್ಟು ಆಳಕ್ಕೆ, ಯಾವ ಬೆಳೆಗಳ ಸರದಿಗೆ ಹೋಗಬೇಕು ಎಂಬುದು ಹಲವು ವರ್ಷಗಳ ತೀರ್ಮಾನ. ಈ ಹಂಗಾಮಿನಲ್ಲಿ ಏನು ಹಾಕಬೇಕು ಎಂಬುದು ಎರಡನೆಯದು. ಇವತ್ತು ನೀರು ಬಿಡಬೇಕೇ, ನಾಳೆ ಕಳೆ ತೆಗೆಯಬೇಕೇ ಎಂಬುದು ದಿನದ ತೀರ್ಮಾನ. ಮಾದರಿಯ ರೈತರಿಗೆ ಮಳೆಯ ಬಗ್ಗೆ, ಬೆಲೆಯ ಬಗ್ಗೆ, ಬಾವಿಯ ನೀರಿನ ಬಗ್ಗೆ ತಮ್ಮದೇ ನಂಬಿಕೆಗಳಿವೆ. ನಂಬಿದಂತೆ ಆಗದಿದ್ದರೆ ಅವು ಬದಲಾಗುತ್ತವೆ. ಅವರ ತೀರ್ಮಾನ ಬೆಳೆಯ ಮಾದರಿಗೆ ಹೋಗುತ್ತದೆ, ಬೆಳೆ ಕುಡಿದ ನೀರು ಅಂತರ್ಜಲದ ಮಾದರಿಗೆ ಹೋಗುತ್ತದೆ, ಅಲ್ಲಿ ಇಳಿದ ಮಟ್ಟ ಮುಂದಿನ ಹಂಗಾಮಿನಲ್ಲಿ ಮತ್ತೆ ರೈತರ ಮುಂದೆ ಬಂದು ನಿಲ್ಲುತ್ತದೆ. ಒಬ್ಬರು ಆಳಕ್ಕೆ ಕೊರೆದರೆ ಪಕ್ಕದವರ ಬಾವಿ ಬತ್ತುತ್ತದೆ, ಅವರೂ ಕೊರೆಯಬೇಕಾಗುತ್ತದೆ. ಹವಾಮಾನ ಹದಗೆಡುವ ಮುನ್ನವೇ ಈ ಹೊಂದಾಣಿಕೆಯೇ ಊರನ್ನು ಸಾಲಕ್ಕೆ ತಳ್ಳಬಹುದು. ಬಿಡಿ ಬಿಡಿಯಾಗಿ ಪ್ರತಿಯೊಬ್ಬರ ನಡೆಯೂ ವಿವೇಕದ್ದೇ ಆಗಿರುತ್ತದೆ, ಆದ್ದರಿಂದ ಈ ಸುತ್ತನ್ನು ಬರೀ ಬೆಳೆಯ ಲೆಕ್ಕದಲ್ಲಿ ಕಾಣಲಾಗದು.

ಬೇರಂಬಾಡಿಯ ಮಾದರಿಯನ್ನು ಹಾಗೇ ಎತ್ತಿ ಮಳಖೇಡಕ್ಕೆ ತಂದರೆ ನಡೆಯದು. ಅಲ್ಲಿ ರೈತರನ್ನು ಕಟ್ಟಿಹಾಕುವುದು ಅಂತರ್ಜಲ, ಇಲ್ಲಿ ಅದರ ಜಾಗದಲ್ಲಿ ಬೇರೆ ಮೂರು ಸಂಗತಿಗಳಿವೆ.

ಮೊದಲನೆಯದು ಬೆಲೆ. 2015ರಲ್ಲಿ ತೊಗರಿ ಬೇಳೆ ನಗರಗಳಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತು. ಅದನ್ನು ಕಂಡು ಮುಂದಿನ ಮುಂಗಾರಿಯಲ್ಲಿ ದೇಶದ ತುಂಬ ರೈತರು ತೊಗರಿ ಹಾಕಿದರು, ಮಳೆಯೂ ಕೈಹಿಡಿಯಿತು. 2015-16ರಲ್ಲಿ 25 ಲಕ್ಷ ಟನ್ನಿನ ಆಸುಪಾಸಿನಲ್ಲಿದ್ದ ದೇಶದ ಉತ್ಪಾದನೆ 2016-17ರಲ್ಲಿ 48 ಲಕ್ಷ ಟನ್ ದಾಟಿತು. ಬೋನಸ್ ಸೇರಿ ಕ್ವಿಂಟಲಿಗೆ 5,050 ರೂಪಾಯಿ ಇದ್ದ ಬೆಂಬಲ ಬೆಲೆಗಿಂತ ಪೇಟೆಯ ಧಾರಣೆ ಕೆಳಗಿಳಿದು, ಖರೀದಿ ಕೇಂದ್ರಗಳ ಮುಂದೆ ಸಾಲು ನಿಂತಿತು. ಹಿಂದಿನ ವರ್ಷದ ಬೆಲೆ ನೋಡಿ ಬಿತ್ತುವುದು ಎಂಬ ಒಂದೇ ನಿಯಮವನ್ನು ಸಾವಿರ ಏಜೆಂಟರಿಗೆ ಕೊಟ್ಟರೆ ಕಂಪ್ಯೂಟರಿನಲ್ಲೂ ಇದೇ ಏರಿಳಿತ ಮೂಡುತ್ತದೆ. ಮಳೆ ಚೆನ್ನಾಗಿ ಬಂದ ವರ್ಷವೇ ರೈತರು ಕೆಟ್ಟರು ಎಂಬ ಈ ಸಂಗತಿಯನ್ನು ಮಳೆಯ ನಕ್ಷೆಯಲ್ಲಿ ಹುಡುಕಿ ಫಲವಿಲ್ಲ.

ಎರಡನೆಯದು ಕೂಲಿ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳು, ಶಹಾಬಾದ್, ಚಿತ್ತಾಪುರದ ಕಲ್ಲಿನ ಗಣಿಗಳು, ವಾಡಿ ಜಂಕ್ಷನ್ನಿನಿಂದ ಮುಂಬೈ, ಹೈದರಾಬಾದಿಗೆ ಹೊರಡುವ ರೈಲು, ಇವೆಲ್ಲ ಈ ಸೀಮೆಯ ಒಕ್ಕಲುತನದ ಭಾಗವೇ. ಬರ ಬಂದಾಗ ಇಲ್ಲಿನ ಕುಟುಂಬದ ಮೊದಲ ಹೊಂದಾಣಿಕೆ ಬರ ತಾಳುವ ತಳಿ ಅಲ್ಲ, ಮನೆಯ ಒಬ್ಬರು ಗುಳೆ ಹೋಗುವುದು. ಆಮೇಲೆ ಕಳೆ ತೆಗೆಯಲು, ಕುಡಿ ಚಿವುಟಲು ಆಳು ಸಿಗದೆ ಇಳುವರಿಗೂ ಪೆಟ್ಟು ಬೀಳಬಹುದು. ತೊಗರಿ ಹಾಕಿ ಒಂದೂವರೆ ತಿಂಗಳಿಗೆ ಕುಡಿ ಚಿವುಟಿದರೆ ಕವಲು ಹೆಚ್ಚಿ ಕಾಯಿ ಜಾಸ್ತಿಯಾಗುತ್ತದೆಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮಾಡದಿರುವುದಕ್ಕೆ ಕಾರಣ ಕೂಲಿಯ ದರದಲ್ಲಿರುತ್ತದೆ. ಅಜ್ಞಾನದ ಮಾತು ಅಲ್ಲಿಲ್ಲ. ಮನೆಯ ದುಡಿಯುವ ಕೈಗಳನ್ನು ಎಣಿಸದ ಮಾದರಿ ಇಂಥ ರೈತರನ್ನು ಮತ್ತೆ ದಡ್ಡರನ್ನಾಗಿ ಮಾಡುತ್ತದೆ.

ಮೂರನೆಯದು, ಮಳೆ ಕಡಿಮೆಯಾದಾಗಿನ ಕಷ್ಟಕ್ಕಿಂತ ಹೆಚ್ಚಾದಾಗಿನ ಕಷ್ಟ. 2020ರ ಅಕ್ಟೋಬರಿನಲ್ಲಿ ಭೀಮೆ, ಕಾಗಿಣಾ ಎರಡೂ ಉಕ್ಕಿದವು. 2022-23ರ ಹಂಗಾಮಿನಲ್ಲಿ ಅತಿ ತೇವದ ಬೆನ್ನಿಗೇ ನೆಟೆ ರೋಗ ಬಡಿದು ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. ಮರುವರ್ಷವೇ ಬರ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಸಾಮಾನ್ಯ ಬೆಳೆ ಮಾದರಿಗಳು ನೀರಿನ ಕೊರತೆಯನ್ನು ಚೆನ್ನಾಗಿ ಲೆಕ್ಕ ಹಾಕುತ್ತವೆ. ಎರೆ ಹೊಲದಲ್ಲಿ ನೀರು ನಿಂತು ಬೇರು ಉಸಿರುಗಟ್ಟುವುದು, ಮೋಡ ಮುಸುಕಿ ಹೂ ಉದುರುವುದು, ಕಾಯಿಕೊರಕ, ನೆಟೆ, ಗೊಡ್ಡು ರೋಗ ಇವು ಅವುಗಳ ಕೈಗೆ ಅಷ್ಟಾಗಿ ಸಿಗುವುದಿಲ್ಲ. ಮಳೆ ಕೆಲವೇ ದಿನಗಳಲ್ಲಿ ಜೋರಾಗಿ ಸುರಿದು ನಡುವೆ ಬಿಸಿಲು ಉದ್ದವಾಗುವುದು ಹವಾಮಾನ ಬದಲಾವಣೆಯ ಮುಖ್ಯ ಲಕ್ಷಣ. ಹಾಗಿರುವಾಗ ತೊಗರಿಯ ಭವಿಷ್ಯದ ಅಂದಾಜುಗಳಲ್ಲಿ ಇದು ದೊಡ್ಡ ಕಂದಕ.

ಮಾದರಿ ನಂಬಿಕೆಗೆ ಅರ್ಹವೇ ಎಂದು ತಿಳಿಯಲು ಅದನ್ನು ಕಳೆದ ವರ್ಷಗಳ ಮೇಲೆ ಓಡಿಸಿ ನೋಡುತ್ತಾರೆ. ಕಳೆದ ಇಪ್ಪತ್ತು ವರ್ಷದ ಇಳುವರಿ, ಬಿತ್ತನೆ ಕ್ಷೇತ್ರ, ಬೆಳೆ ಬದಲಾವಣೆಗಳು ಅದರೊಳಗೂ ಹೆಚ್ಚುಕಡಿಮೆ ಹಾಗೇ ಮೂಡಬೇಕು. ಇಲ್ಲೊಂದು ಬಲೆ ಇದೆ. ಇಷ್ಟೊಂದು ನಿಯಮಗಳಿರುವ ಮಾದರಿಯನ್ನು ಅಲ್ಲಿ ಇಲ್ಲಿ ತಿರುವಿ ಯಾವ ಹಳೆಯ ದಾಖಲೆಗಾದರೂ ಹೊಂದಿಸಬಹುದು. ತಪ್ಪು ಕಾರಣಕ್ಕೆ ಸರಿಯುತ್ತರ ಕೊಡುವ ಮಾದರಿ ಮುಂದಿನ ವರ್ಷಗಳಲ್ಲಿ ದಾರಿ ತಪ್ಪಿಸುತ್ತದೆ. ಅದಕ್ಕಾಗಿ ಒಂದೇ ಓಟದ ಬದಲು ನೂರಾರು ಓಟ, ಒಂದು ಹವಾಮಾನ ಮಾದರಿಯ ಬದಲು ಹಲವು, ರೈತರ ನಿಯಮಗಳಲ್ಲೂ ಸಣ್ಣಪುಟ್ಟ ವ್ಯತ್ಯಾಸ ಮಾಡಿ ಓಡಿಸುತ್ತಾರೆ. ಬೆಳೆ ಮತ್ತು ಆರ್ಥಿಕ ಮಾದರಿಗಳನ್ನು ಹೀಗೆ ಒಂದಕ್ಕೊಂದು ಒರೆಗೆ ಹಚ್ಚಲೆಂದೇ 2010ರಲ್ಲಿ ಆಗ್‌ಮಿಪ್ ಎಂಬ ಅಂತರರಾಷ್ಟ್ರೀಯ ಕೂಟ ಹುಟ್ಟಿತು. ಇಷ್ಟಾದ ಮೇಲೆ ಸಿಗುವ ಉತ್ತರ ‘2050ರಲ್ಲಿ ಸೇಡಂನ ಇಳುವರಿ ಇಷ್ಟು’ ಎಂಬ ಭವಿಷ್ಯವಾಣಿ ಅಲ್ಲ. ಬೇಗ ಬರುವ ತಳಿಗೆ ಹೊರಳಿದ ಮನೆಗಳು ಹೆಚ್ಚು ಓಟಗಳಲ್ಲಿ ಉಳಿದವು, ತೆಳು ಮಣ್ಣಿನವರು ಮಾತ್ರ ಯಾವ ತಳಿಯಿಂದಲೂ ಉಳಿಯಲಿಲ್ಲ ಎಂಬ ಬಗೆಯ ಉತ್ತರ. ಬೆಳೆ ವಿಮೆಯ ಹಣ ತಡವಾದರೆ ಏನು, ಹೆಸರು ಅಥವಾ ಉದ್ದನ್ನು ತೊಗರಿಯ ನಡುವೆ ಅಕ್ಕಡಿ ಹಾಕಿದರೆ ಏನು, ಕೃಷಿ ಹೊಂಡ ಯಾರಿಗೆ ಲಾಭ ಎಂಬಂಥ ಪ್ರಶ್ನೆಗಳನ್ನು ಯಾರ ಹೊಲವನ್ನೂ ಪಣಕ್ಕಿಡದೆ ಕೇಳಿ ನೋಡಲು ಇಷ್ಟು ಸಾಕು.

ನಿಯಮಗಳನ್ನು ಬರೆಯುವವರು ಯಾರು ಎಂಬ ವಿಷಯದಲ್ಲಿ ಫ್ರಾನ್ಸಿನ ಸಿರಾಡ್ ಸಂಸ್ಥೆಯ ಸಂಶೋಧಕರು 1990ರ ದಶಕದಿಂದ ಒಂದು ಬೇರೆಯೇ ಪದ್ಧತಿ ಬೆಳೆಸಿದ್ದಾರೆ. ಮೊದಲು ರೈತರೊಡನೆ ಕೂತು ಹಲಗೆಯ ಮೇಲೆ ಆಟವಾಡುತ್ತಾರೆ: ಇಷ್ಟು ಹೊಲ, ಇಷ್ಟು ನೀರು, ಮಳೆಯ ಚೀಟಿ ಎತ್ತಿದ ಮೇಲೆ ಯಾರು ಏನು ಮಾಡುತ್ತಾರೆ ನೋಡೋಣ ಎಂದು. ಆಟದಲ್ಲಿ ಕಂಡ ನಡೆಯನ್ನು ಕಂಪ್ಯೂಟರಿಗೆ ಬರೆದು, ಓಡಿಸಿದ ಫಲಿತಾಂಶವನ್ನು ಮತ್ತೆ ಅದೇ ಜನರ ಮುಂದಿಡುತ್ತಾರೆ. ಹೀಗಲ್ಲ, ನಾವು ಹಾಗೆ ಮಾಡುವುದಿಲ್ಲ ಎಂದು ಅವರು ತಿದ್ದುತ್ತಾರೆ. ಭೂತಾನದ ಲಿಂಗ್ಮುತೇಚು ಕಣಿವೆಯಲ್ಲಿ ಗದ್ದೆಯ ನೀರಿಗಾಗಿ ಜಗಳವಾಡುತ್ತಿದ್ದ ಏಳು ಹಳ್ಳಿಗಳ ನಡುವೆ ಈ ಆಟ ಮತ್ತು ಮಾದರಿ ಎರಡನ್ನೂ ಬಳಸಿದ ಮೇಲೆ, ಹಳ್ಳಿಗಳೆಲ್ಲ ಸೇರಿ ಒಂದು ಜಲಾನಯನ ಸಮಿತಿ ಕಟ್ಟಿಕೊಂಡವು.

ಮಳಖೇಡದ ಸೀಮೆಗೆ ಇಂಥದ್ದೊಂದು ಕಟ್ಟಲು ಬೇಕಾದ ಮಾಹಿತಿಯ ದೊಡ್ಡ ಪಾಲು ಈಗಾಗಲೇ ಕಡತಗಳಲ್ಲಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ತಳಿಗಳ ವಿವರ ಕಲಬುರಗಿಯ ಸಂಶೋಧನಾ ಕೇಂದ್ರದಲ್ಲಿ ಮತ್ತು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ, ಧಾರಣೆಯ ವಿವರ ಎಪಿಎಂಸಿಯಲ್ಲಿ ಸಿಗುತ್ತದೆ. ಸಿಗದಿರುವುದು ಮನೆಯೊಳಗಿನ ಲೆಕ್ಕ. ಲಾವಣಿಗೆ ಹೊಲ ಮಾಡುವವರ ಹೆಸರು ಪಹಣಿಯಲ್ಲಿರುವುದಿಲ್ಲ, ಅಡತಿ ಅಂಗಡಿಯ ಕೈಸಾಲ ಬ್ಯಾಂಕಿನ ಅಂಕಿಗೆ ಬರುವುದಿಲ್ಲ, ಗಂಡಸರು ಗುಳೆ ಹೋದ ಮೇಲೆ ಬಿತ್ತುವ ತೀರ್ಮಾನ ಮಾಡುವ ಹೆಣ್ಣುಮಕ್ಕಳನ್ನು ಸಮೀಕ್ಷೆಗೆ ಬಂದವರು ರೈತರೆಂದು ಬರೆದುಕೊಳ್ಳುವುದು ಅಪರೂಪ. ಬೇರಂಬಾಡಿಯಲ್ಲಿ 684 ಮನೆಗಳ ಬಾಗಿಲು ತಟ್ಟಿದ ಹಾಗೆ ಇಲ್ಲಿಯೂ ಕೆಲಸ ಬಾಗಿಲು ತಟ್ಟುವುದರಿಂದಲೇ ಶುರುವಾಗಬೇಕು. ಒಮ್ಮೆ ಆ ವಿವರ ಬಂದರೆ, ಒಂದು ಹಳ್ಳಿಯ ನೂರು ಮನೆಗಳ ಮೂವತ್ತು ವರ್ಷಗಳನ್ನು ಓಡಿಸಲು ಸಾಮಾನ್ಯ ಲ್ಯಾಪ್‌ಟಾಪ್ ಸಾಕು.